ಹಳೆ ಕಾರಿನ ತುಕ್ಕು ಹಿಡಿದ ಸೈಲೆನ್ಸರ್ ಬೋಲ್ಟು ಮನೆಯಲ್ಲೇ ಬಿಚ್ಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಇವತ್ತಿಗೂ ಒಂದು ಹಳೆ ಮಾರುತಿ 800, ಓಮ್ನಿ ಅಥವಾ ಝೆನ್ ಇದೆ. ಎಂಜಿನ್ ಚೆನ್ನಾಗಿಯೇ ಇರುತ್ತದೆ, ಕೈಕೊಡುವುದು ಸೈಲೆನ್ಸರ್. ಹೊಸದನ್ನು ತಂದು ಹಾಕುವುದು ಅಂಥ ಕಷ್ಟವೇನಲ್ಲ. ಹಳೆಯದನ್ನು ಬಿಚ್ಚುವುದೇ ಕಷ್ಟ. ಈ ಬಗ್ಗೆ ಕಾಸರಗೋಡಿನ ಕಡೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ನಮ್ಮ ಕಡೆ ಈ ಬೋಲ್ಟುಗಳಿಗೆ ಇಷ್ಟು ಬೇಗ ತುಕ್ಕು ಹಿಡಿಯುವುದು ಯಾಕೆ?

ಮೂರು ಕಾರಣ ಒಟ್ಟಿಗೆ ಸೇರುತ್ತವೆ. ಒಂದು, ಸಮುದ್ರದ ಗಾಳಿ. ಉಪ್ಪಳ, ಕುಂಬಳೆ ಕಡೆಯ ಮನೆಗಳಿಗೆ ಸಮುದ್ರ ತೀರಾ ಹತ್ತಿರ. ಗಾಳಿಯಲ್ಲಿರುವ ಉಪ್ಪು ಕಬ್ಬಿಣದ ಮೇಲೆ ಕೂತರೆ ಅಲ್ಲಿ ತೇವ ಸುಲಭಕ್ಕೆ ಆರುವುದಿಲ್ಲ. ಎರಡು, ಮಳೆ. ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಬಿಸಿಯಾದ ಸೈಲೆನ್ಸರಿಗೆ ರಸ್ತೆಯ ನೀರು ಮತ್ತೆ ಮತ್ತೆ ಎರಚುತ್ತದೆ.

ಮೂರನೆಯದು ಬಿಸಿಯೇ. ಹೊಸ ಬೋಲ್ಟಿನ ಮೇಲೆ ಹೊಳೆಯುವ ಸತುವಿನ ಲೇಪ ಇರುತ್ತದೆ ಅಲ್ವಾ, ಆ ಸತು 419 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಬಿಡುತ್ತದೆ. ಎಂಜಿನ್ನಿನ ಪಕ್ಕದ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ದಾಟಿಸುವ ಎರಕದ ಭಾಗ, ಅದಕ್ಕಿಂತ ಜಾಸ್ತಿ ಬಿಸಿಯಾಗಬಲ್ಲದು. ಲೇಪ ಹೋದ ಮೇಲೆ ಉಳಿಯುವುದು ಬರೀ ಕಬ್ಬಿಣ. ಅದು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ನಟ್ಟಿನ ಥ್ರೆಡ್ಡಿನೊಳಗೆ (ಸುರುಳಿ ಗೀರುಗಳೊಳಗೆ) ಅಷ್ಟು ಜಾಗ ಎಲ್ಲಿದೆ? ಹಾಗಾಗಿ ಒಳಗೇ ಒತ್ತಿಕೊಂಡು ಗಟ್ಟಿಯಾಗಿ ಕೂರುತ್ತದೆ.

ಮನೆಯಿಂದ ಬದಿಯಡ್ಕ ಪೇಟೆಗೆ ಹೋಗಿ ಬಂದು ಗಾಡಿ ನಿಲ್ಲಿಸುವವರಿಗೆ ಇನ್ನೊಂದು ತೊಂದರೆಯಿದೆ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಅಷ್ಟು ಸಣ್ಣ ಓಡಾಟದಲ್ಲಿ ಹಿಂದಿನ ಸೈಲೆನ್ಸರ್ ಪೂರ್ತಿ ಬಿಸಿಯಾಗುವುದಿಲ್ಲ, ನೀರು ಒಳಗೇ ನಿಲ್ಲುತ್ತದೆ. ಅದಕ್ಕೇ ಕಡಿಮೆ ಓಡಿದ ಕಾರಿನ ಸೈಲೆನ್ಸರೂ ಒಳಗಿಂದ ತೂತಾಗುತ್ತದೆ.

ಮನೆಯಲ್ಲೇ ಮಾಡಬಹುದಾ, ಗ್ಯಾರೇಜಿಗೇ ಕೊಡಬೇಕಾ?

ಬೋಲ್ಟು ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲು ಟಾರ್ಚ್ ಹಿಡಿದು ಗಾಡಿಯ ಕೆಳಗೆ ನೋಡಿ. ಪ್ರತಿ ಬೋಲ್ಟಿನ ಬಗ್ಗೆಯೂ ಕೇಳಿಕೊಳ್ಳಬೇಕಾದ್ದು ಒಂದೇ: ಇದು ತುಂಡಾದರೆ ಏನಾಗುತ್ತದೆ?

ಎರಡು ಪೈಪುಗಳ ಫ್ಲೇಂಜ್ (ಪೈಪಿನ ತುದಿಯ ಚಪ್ಪಟೆ ಅಂಚು) ಸೇರುವಲ್ಲಿ ಬೋಲ್ಟು ಈ ಕಡೆಯಿಂದ ಆ ಕಡೆಗೆ ಹಾದುಹೋಗಿ ನಟ್ಟು ಹಾಕಿದ್ದರೆ ಚಿಂತೆ ಬೇಡ. ತುಂಡಾದರೆ ಆಗಲಿ, ಹೊಸ ಬೋಲ್ಟು ನಟ್ಟು ಅಂಗಡಿಯಲ್ಲಿ ಸಿಗುತ್ತದೆ. ಇಂಥದ್ದನ್ನು ಧೈರ್ಯವಾಗಿ ಮನೆಯಲ್ಲಿ ಮಾಡಿ.

ಮುಂದಿನ ಪೈಪು ಮ್ಯಾನಿಫೋಲ್ಡಿಗೆ ಸೇರುವ ಕಡೆ ಸ್ಟಡ್ (ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟು) ಇದ್ದರೆ ಎಚ್ಚರ ಬೇಕು. ಸ್ಟಡ್ಡಿನ ಒಂದು ತುದಿ ಎರಕದ ಕಬ್ಬಿಣದೊಳಗೆ ಕೂತಿರುತ್ತದೆ. ಅದು ಬುಡದಲ್ಲಿ ಮುರಿದರೆ ಕೊರೆದು ತೆಗೆಯಬೇಕು. ಸಮಯ ಇದ್ದವರು ಮಾಡಬಹುದು.

ಮ್ಯಾನಿಫೋಲ್ಡು ಎಂಜಿನ್ ಹೆಡ್ಡಿಗೆ (ಎಂಜಿನ್ನಿನ ಮೇಲ್ಭಾಗಕ್ಕೆ) ಸೇರುವ ಸ್ಟಡ್ಡುಗಳು ಬೇರೆಯೇ ವಿಷಯ. ಮಾರುತಿ 800ರಂಥ ಗಾಡಿಗಳ ಹೆಡ್ಡು ಅಲ್ಯೂಮಿನಿಯಮ್ಮಿನದು, ಅದು ಮೆದು. ಅಲ್ಲಿ ತಪ್ಪಾಗಿ ಡ್ರಿಲ್ ಮಾಡಿದರೆ ಹೆಡ್ಡೇ ಹಾಳು. ಬರೀ ಸೈಲೆನ್ಸರ್ ಬದಲಾಯಿಸಲು ಆ ಸ್ಟಡ್ಡುಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದ್ದರೆ ಅನುಭವಸ್ಥ ಮೆಕ್ಯಾನಿಕ್ಕಿಗೆ ಕೊಡುವುದು ಒಳ್ಳೆಯದು.

ಗಾಡಿ ಎತ್ತಿ ಅಡಿಗೆ ಕೆಂಪು ಕಲ್ಲು ಇಟ್ಟರೆ ಸಾಕಲ್ವಾ?

ಬೇಡ. ದಯವಿಟ್ಟು ಬೇಡ. ಮನೆ ಕಟ್ಟಲು ಕೆಂಪು ಕಲ್ಲು ಒಳ್ಳೆಯದೇ. ಆದರೆ ಗಾಡಿಯ ಭಾರ ಕಲ್ಲಿನ ಒಂದು ಮೂಲೆಗೆ ಬಿದ್ದರೆ, ಅದರಲ್ಲೂ ಕಲ್ಲು ಮಳೆಯಲ್ಲಿ ನೆನೆದಿದ್ದರೆ, ಏನೂ ಸೂಚನೆ ಕೊಡದೆ ಒಡೆಯುತ್ತದೆ. ಸಿಮೆಂಟ್ ಇಟ್ಟಿಗೆಯೂ ಅಷ್ಟೇ. ಬರೀ ಜಾಕ್ ನಂಬಿ ಕೆಳಗೆ ಹೋಗುವುದಂತೂ ಪ್ರಾಣಕ್ಕೇ ಅಪಾಯ, ಯಾಕೆಂದರೆ ಈ ಕೆಲಸದಲ್ಲಿ ಗಾಡಿಯನ್ನು ಎಳೆದಾಡುತ್ತೇವೆ, ಬಡಿಯುತ್ತೇವೆ.

ಕಬ್ಬಿಣದ ಜಾಕ್ ಸ್ಟ್ಯಾಂಡ್ ಒಂದು ಜೊತೆ ಕೊಳ್ಳಿ, ಇಲ್ಲದಿದ್ದರೆ ಯಾರ ಹತ್ತಿರವಾದರೂ ಕೇಳಿ ತನ್ನಿ. ಅಡಿಕೆ ಒಣಗಿಸುವ ಅಂಗಳಕ್ಕೆ ಸಿಮೆಂಟ್ ಹಾಕಿದ್ದರೆ ಅದೇ ಒಳ್ಳೆಯ ಜಾಗ. ಮಣ್ಣಿನ ಅಂಗಳವಾದರೆ ಜಾಕ್ ಮತ್ತು ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಇಡಿ. ನೆಲದಲ್ಲೇ ಉಳಿಯುವ ಚಕ್ರಗಳಿಗೆ ಎರಡೂ ಬದಿ ಕಟ್ಟೆ ಕೊಡಿ, ಗೇರ್‌ನಲ್ಲಿ ಇಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ. ಎತ್ತಿದ ಮೇಲೆ ಗಾಡಿಯನ್ನು ಎರಡು ಕೈಯಲ್ಲಿ ಜೋರಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಕೆಲಸ ಮಾಡುವಾಗ ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು.

ಯಾವ ಸಾಮಾನು ಬೇಕು?

ಆರು ಮೂಲೆಯ ಸಾಕೆಟ್, ಉದ್ದ ಹಿಡಿಕೆ, ರಿಂಗ್ ಸ್ಪ್ಯಾನರ್, ತಂತಿ ಬ್ರಷ್, ಸುತ್ತಿಗೆ, ಹ್ಯಾಕ್ಸಾ ಬ್ಲೇಡು, ಲಾಕಿಂಗ್ ಪ್ಲೈಯರ್. ಜೊತೆಗೆ ಕಣ್ಣಿಗೆ ಮುಚ್ಚುವ ಕನ್ನಡಕ. ಮಲಗಿ ಮೇಲೆ ನೋಡುತ್ತಾ ಕೆಲಸ ಮಾಡುವಾಗ ತುಕ್ಕಿನ ಹುಡಿ ನೇರ ಕಣ್ಣಿಗೇ ಬೀಳುತ್ತದೆ. ಕನ್ನಡಕವಿಲ್ಲದೆ ಶುರು ಮಾಡಬೇಡಿ.

ಸಾಕೆಟ್ ಆರು ಮೂಲೆಯದ್ದೇ ಬೇಕು. ಹನ್ನೆರಡು ಮೂಲೆಯದ್ದು ನಟ್ಟಿನ ತುದಿಗಳನ್ನು ಮಾತ್ರ ಹಿಡಿಯುತ್ತದೆ, ತುಕ್ಕಿನಿಂದ ಸವೆದ ನಟ್ಟನ್ನು ಒಂದೇ ಎಳೆತಕ್ಕೆ ಉರುಟು ಮಾಡುತ್ತದೆ. ಓಪನ್ ಸ್ಪ್ಯಾನರನ್ನು ಪೆಟ್ಟಿಗೆಯಲ್ಲೇ ಬಿಡಿ.

ಅಳತೆಯಲ್ಲೂ ಜಾಗ್ರತೆ. ಮಾರುತಿಯಂಥ ಜಪಾನ್ ಮೂಲದ ಗಾಡಿಗಳಲ್ಲಿ ಸಾಮಾನ್ಯವಾಗಿ 12 ಮತ್ತು 14ರ ಸ್ಪ್ಯಾನರ್ ನಡೆಯುತ್ತದೆ. ಹಳೆ ಅಂಬಾಸಿಡರ್‌ನ ಪೆಟ್ರೋಲ್ ಎಂಜಿನ್ ಇಂಚಿನ ಲೆಕ್ಕದ್ದು. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಸಾಕೆಟ್ ಹಾಕಿದರೆ ಕೂತಂತೆಯೇ ಕಾಣುತ್ತದೆ, ಬಲ ಹಾಕಿದಾಗ ಜಾರುತ್ತದೆ. ತುಕ್ಕಿನಿಂದ ನಟ್ಟು ಸಣ್ಣದಾಗಿದ್ದರೆ ಒಂದು ಅಳತೆ ಕಡಿಮೆಯ ಸಾಕೆಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ.

ಚಿಮಿಣಿ ಎಣ್ಣೆ ಹಾಕಿದರೆ ಸಾಕಾ? ತೆಂಗಿನೆಣ್ಣೆ?

ತೆಂಗಿನೆಣ್ಣೆ ಇದಕ್ಕೆ ಆಗುವುದಿಲ್ಲ. ತುಕ್ಕಿನ ಸಂದಿಗೆ ಇಳಿಯುವಷ್ಟು ತೆಳು ಅಲ್ಲ ಅದು. ಚಿಮಿಣಿ ಎಣ್ಣೆ, ಡೀಸೆಲ್ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತವೆ. ಡಬ್ಲ್ಯೂಡಿ-40 ಎಲ್ಲ ಕಡೆ ಸಿಗುತ್ತದೆ, ಅದೂ ಆಗಬಹುದು. ತುಕ್ಕು ಬಿಡಿಸಲೆಂದೇ ಮಾಡಿದ ಪೆನೆಟ್ರೇಟಿಂಗ್ ಸ್ಪ್ರೇ ಸಿಕ್ಕಿದರೆ ಇನ್ನೂ ಒಳ್ಳೆಯದು. ಆಟೋಮ್ಯಾಟಿಕ್ ಗೇರ್ ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿ ಹಾಕುವವರೂ ಇದ್ದಾರೆ, ಚೆನ್ನಾಗಿ ಇಳಿಯುತ್ತದೆ. ಆದರೆ ಅಸಿಟೋನಿಗೆ ಬೇಗ ಬೆಂಕಿ ಹಿಡಿಯುತ್ತದೆ, ಪೇಂಟು ಪ್ಲಾಸ್ಟಿಕ್ಕುಗಳನ್ನೂ ತಿನ್ನುತ್ತದೆ.

ಯಾವ ಎಣ್ಣೆ ಅನ್ನುವುದಕ್ಕಿಂತ ಎಷ್ಟು ಹೊತ್ತು ಬಿಟ್ಟಿರಿ ಅನ್ನುವುದು ಮುಖ್ಯ. ಮೊದಲು ತಂತಿ ಬ್ರಷ್ಷಿನಲ್ಲಿ ಮೇಲಿನ ತುಕ್ಕನ್ನು ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಎಣ್ಣೆಯನ್ನೆಲ್ಲ ಆ ಹುಡಿಯೇ ಕುಡಿಯುತ್ತದೆ. ಆಮೇಲೆ ನಟ್ಟಿನ ಹಿಂದೆ ಮುಂದೆ ಎರಡೂ ಕಡೆ ಬಿಡಿ. ನಟ್ಟಿನ ಬದಿಗೆ ಸುತ್ತಿಗೆಯಲ್ಲಿ ಸಣ್ಣ ಸಣ್ಣ ಪೆಟ್ಟು ಕೊಡಿ, ಅದುರಿದಾಗ ಎಣ್ಣೆ ಒಳಗೆ ಇಳಿಯುತ್ತದೆ. ಶುಕ್ರವಾರ ಸಂಜೆ ಒಮ್ಮೆ, ಶನಿವಾರ ಬೆಳಿಗ್ಗೆ ಸಂಜೆ ಹಾಕಿ, ಭಾನುವಾರ ಸ್ಪ್ಯಾನರ್ ಹಿಡಿಯಿರಿ. ನಡುವೆ ಒಂದು ಸಲ ಗಾಡಿ ಓಡಿಸಿ ತಣಿಯಲು ಬಿಟ್ಟರೆ ಇನ್ನೂ ಒಳ್ಳೆಯದು. ಹೊರಟಾಗ ಸ್ವಲ್ಪ ಹೊಗೆ, ಎಣ್ಣೆ ಸುಟ್ಟ ವಾಸನೆ ಬರುತ್ತದೆ. ಪೈಪಿನ ಮೈಮೇಲೆ ಚೆಲ್ಲಿದ ಎಣ್ಣೆಯನ್ನು ಒರೆಸಿಯೇ ಹೊರಡಿ.

ತಿರುಗಿಸುವಾಗ ಎಷ್ಟು ಬಲ ಹಾಕಬೇಕು? ತುಂಡಾಗುವುದು ಮೊದಲೇ ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಇಡೀ ಕೆಲಸದಲ್ಲಿ ಕಲಿಯಬೇಕಾದ್ದು ಇದನ್ನೇ.

ಹಿಡಿಕೆಯ ಮೇಲೆ ನಿಧಾನವಾಗಿ ಭಾರ ಹಾಕಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಎರಡರಲ್ಲಿ ಒಂದು ಆಗುತ್ತದೆ. ನಟ್ಟು ಬಿಟ್ಟುಕೊಟ್ಟರೆ "ಟಕ್" ಅಂತ ಒಂದು ಒಣ ಸದ್ದು ಬರುತ್ತದೆ, ಕೈಗೆ ಒಂದು ಸಣ್ಣ ಪೆಟ್ಟು ಸಿಗುತ್ತದೆ, ಸಂದಿಯಿಂದ ಕೆಂಪು ಹುಡಿ ಉದುರುತ್ತದೆ. ಅದು ಒಳ್ಳೆಯ ಸದ್ದು. ಸದ್ದೇ ಇಲ್ಲದೆ ಹಿಡಿಕೆ ಮೆತ್ತಗೆ ತಿರುಗುತ್ತಾ ಹೋದರೆ, ರಬ್ಬರ್ ತಿರುಚಿದ ಹಾಗೆ ಅನಿಸಿದರೆ, ಕೈ ಬಿಟ್ಟಾಗ ಹಿಡಿಕೆ ಸ್ವಲ್ಪ ವಾಪಸ್ ಬಂದರೆ, ತಕ್ಷಣ ನಿಲ್ಲಿಸಿ. ತಿರುಗುತ್ತಿರುವುದು ನಟ್ಟಲ್ಲ, ಸ್ಟಡ್ಡು ತಿರುಚಿಕೊಳ್ಳುತ್ತಿದೆ. ಇನ್ನು ಸ್ವಲ್ಪ ಎಳೆದರೆ ತುಂಡು. ಮತ್ತೆ ಎಣ್ಣೆ ಹಾಕಿ ಬಿಡಿ, ಇಲ್ಲವೇ ಬಿಸಿ ಮಾಡಿ.

ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ದಿಕ್ಕಿಗೆ ಒತ್ತಿ ನೋಡಿ. ತುಕ್ಕಿನ ಹಿಡಿತ ಒಡೆಯಲು ಯಾವ ದಿಕ್ಕಾದರೂ ಆಗುತ್ತದೆ. ನಟ್ಟು ಸಡಿಲವಾದ ಮೇಲೂ ಒಂದೇ ಸಮ ತಿರುಗಿಸಬೇಡಿ. ಕಾಲು ಸುತ್ತು ಬಿಚ್ಚಿ, ಅದರ ಅರ್ಧ ವಾಪಸ್, ಎಣ್ಣೆ, ಮತ್ತೆ ಕಾಲು ಸುತ್ತು. "ಕಿರ್" ಅಂತ ಸದ್ದು ಬರುವಷ್ಟು ಕಾಲ ಹೀಗೇ ಮಾಡಿ. ನಟ್ಟಿನ ಹೊರಗೆ ಕಾಣುವ ಥ್ರೆಡ್ಡನ್ನು ಮೊದಲೇ ಬ್ರಷ್ಷಿನಲ್ಲಿ ಚೆನ್ನಾಗಿ ಉಜ್ಜಿರಬೇಕು. ನಟ್ಟು ಆ ತುಕ್ಕಿನ ಮೇಲೆಯೇ ಹಾದು ಹೊರಗೆ ಬರಬೇಕಲ್ವಾ. ಚೆನ್ನಾಗಿ ಸಡಿಲವಾದ ಸ್ಟಡ್ಡು ಅರ್ಧ ದಾರಿಯಲ್ಲಿ ಮುರಿಯುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಇನ್ನೊಂದು ಮಾತು. ಕೆಳಗೆ ಮಲಗಿದಾಗ ದಿಕ್ಕು ತಲೆಕೆಳಗಾದಂತೆ ಅನಿಸುತ್ತದೆ. ನಟ್ಟಿನ ಮುಖಕ್ಕೆ ಎದುರಾಗಿ ನೋಡಿ, ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.

ಹಿಡಿಕೆಗೆ ಉದ್ದ ಪೈಪ್ ಸಿಕ್ಕಿಸಬಹುದಾ?

ಹಾದುಹೋಗುವ ಬೋಲ್ಟಿಗೆ ಸಿಕ್ಕಿಸಿ, ತುಂಡಾದರೂ ನಷ್ಟವಿಲ್ಲ. ಸ್ಟಡ್ಡಿಗೆ ಬೇಡ. ಪೈಪ್ ಹಾಕಿದರೆ ನಾನು ಮೇಲೆ ಹೇಳಿದ ಆ ಸೂಚನೆ ಕೈಗೆ ತಿಳಿಯುವುದೇ ಇಲ್ಲ.

ಬೆಂಕಿಯಲ್ಲಿ ಬಿಸಿ ಮಾಡುವುದು ಹೇಗೆ?

ಎಣ್ಣೆಗೆ ಬಗ್ಗದ ನಟ್ಟಿಗೆ ಬಿಸಿಯೇ ಮದ್ದು. ನಟ್ಟು ಕಾದರೆ ಹಿಗ್ಗುತ್ತದೆ. 10 ಮಿ.ಮೀ. ತೂತಿನ ಉಕ್ಕಿನ ನಟ್ಟನ್ನು 500 ಡಿಗ್ರಿ ಹೆಚ್ಚಿಗೆ ಕಾಯಿಸಿದರೆ ತೂತು ಸುಮಾರು 0.06 ಮಿ.ಮೀ. ದೊಡ್ಡದಾಗುತ್ತದೆ. ಕೇಳಲು ಏನೂ ಅಲ್ಲ ಅನಿಸಬಹುದು. ತುಕ್ಕಿನ ಹಿಡಿತ ಬಿಡಿಸಲು ಅಷ್ಟೇ ಸಾಕು. ಹಾಗಾಗಿ ಬೆಂಕಿ ನಟ್ಟಿಗೆ ಮಾತ್ರ ತಾಗಬೇಕು, ಸ್ಟಡ್ಡಿಗಲ್ಲ. ಎರಡೂ ಒಟ್ಟಿಗೆ ಕಾದರೆ ಎರಡೂ ಹಿಗ್ಗುತ್ತವೆ, ಲಾಭ ಕಡಿಮೆ.

ಕೈಯಲ್ಲಿ ಹಿಡಿಯುವ ಸಣ್ಣ ಗ್ಯಾಸ್ ಟಾರ್ಚ್ ಸಾಕು. ನಟ್ಟು ಮಂಕಾಗಿ ಕೆಂಪಗಾಗುವವರೆಗೆ ಕಾಯಿಸಿ, ಬೆಂಕಿ ಆರಿಸಿ, ಕೂಡಲೇ ಸಾಕೆಟ್ ಹಾಕಿ ತಿರುಗಿಸಿ. ಬರಲಿಲ್ಲವಾದರೆ ಸ್ವಲ್ಪ ತಣಿದ ಮೇಲೆ, ಇನ್ನೂ ಬಿಸಿಯಿರುವಾಗಲೇ, ಸಂದಿಗೆ ಮೇಣದ ಬತ್ತಿ ಮುಟ್ಟಿಸಿ. ಕರಗಿದ ಮೇಣ ಥ್ರೆಡ್ಡಿನೊಳಗೆ ಎಳೆದುಕೊಂಡು ಹೋಗುವುದು ಕಣ್ಣಿಗೇ ಕಾಣುತ್ತದೆ. ಇದು ಖರ್ಚಿಲ್ಲದ ಉಪಾಯ, ನನಗೆ ಇದರ ಮೇಲೆ ತುಂಬಾ ನಂಬಿಕೆ.

ಈಗ ಎಚ್ಚರದ ಮಾತು. ಪೆಟ್ರೋಲ್ ಟ್ಯಾಂಕ್, ಪೆಟ್ರೋಲ್ ಪೈಪು, ಬ್ರೇಕ್ ಪೈಪು ಹತ್ತಿರ ಇರುವಲ್ಲಿ ಬೆಂಕಿ ಬೇಡವೇ ಬೇಡ. ಹಿಂದಿನ ಸೈಲೆನ್ಸರಿನ ಬೋಲ್ಟುಗಳು ಎಷ್ಟೋ ಗಾಡಿಗಳಲ್ಲಿ ಟ್ಯಾಂಕಿನ ಪಕ್ಕದಲ್ಲೇ ಇರುತ್ತವೆ. ಅಲ್ಲಿ ಹ್ಯಾಕ್ಸಾ ಬ್ಲೇಡೇ ಗತಿ. ಗ್ರೈಂಡರ್ ಕೂಡ ಬೇಡ, ಕಿಡಿ ಹಾರುತ್ತದೆ. ಸ್ಪ್ರೇ ಹಾಕಿದ್ದರೆ ಪೂರ್ತಿ ಒರೆಸಿ, ಆರಲು ಬಿಟ್ಟು, ಆಮೇಲೆ ಬೆಂಕಿ ಹಚ್ಚಿ. ಬ್ರೇಕ್ ಕ್ಲೀನರ್ ಹಾಕಿದ ಜಾಗವನ್ನು ಎಂದೂ ಕಾಯಿಸಬೇಡಿ. ಕೆಲವು ಬ್ರೇಕ್ ಕ್ಲೀನರುಗಳಲ್ಲಿ ಕ್ಲೋರಿನ್ ಇರುತ್ತದೆ, ಬಿಸಿಯಾದಾಗ ವಿಷದ ಗಾಳಿ ಹುಟ್ಟುತ್ತದೆ. ಹೊಳೆಯುವ ಸತುವಿನ ಲೇಪದ ಬೋಲ್ಟು ಕಾಯಿಸಿದಾಗ ಬರುವ ಬಿಳಿ ಹೊಗೆಯನ್ನೂ ಉಸಿರಾಡಬಾರದು, ಜ್ವರ ಬರುತ್ತದೆ.

ನಮ್ಮ ಅಂಗಳದಲ್ಲಿ ಬೇಸಿಗೆಗೆ ಅಡಿಕೆ ಸಿಪ್ಪೆ, ಒಣ ಸೋಗೆ, ಮಡಲು ರಾಶಿ ಬಿದ್ದಿರುತ್ತವೆ. ಮೊದಲು ಗುಡಿಸಿ ದೂರ ಹಾಕಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಅದಿಲ್ಲದಿದ್ದರೆ ಒಂದು ಬಕೆಟ್ ಒಣ ಮರಳು ಇರಲಿ. ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದು ನೋಡಿ.

ಎಂಜಿನ್ ಬಿಸಿ ಇರುವಾಗಲೇ ಬಿಚ್ಚಿದರೆ ಸುಲಭ ಅಂತಾರೆ, ಹೌದಾ?

ಕೈ ತಾಗಿಸಬಹುದಾದಷ್ಟು ಬೆಚ್ಚಗಿದ್ದರೆ ಸ್ವಲ್ಪ ಸಹಾಯ ಆಗುತ್ತದೆ. ಅದಕ್ಕಿಂತ ಬಿಸಿಯಿದ್ದರೆ ಕೈ ಸುಡುವುದು ಬಿಟ್ಟರೆ ಬೇರೇನೂ ಇಲ್ಲ.

ನಟ್ಟಿನ ತಲೆ ಉರುಟಾಗಿ ಹೋಗಿದೆ. ಈಗ?

ಲಾಕಿಂಗ್ ಪ್ಲೈಯರ್ ಬಿಗಿಯಾಗಿ ಹಿಡಿಸಿ ನೋಡಿ. ಆಗದಿದ್ದರೆ ನಟ್ಟನ್ನು ಬಲಿ ಕೊಡುವುದೇ ಸರಿ. ನಟ್ಟಿನ ಒಂದು ಮುಖದ ಮೇಲೆ, ಸ್ಟಡ್ಡಿಗೆ ಸಮಾನಾಂತರವಾಗಿ ಹ್ಯಾಕ್ಸಾದಲ್ಲಿ ಕೊಯ್ಯಿರಿ. ಥ್ರೆಡ್ಡಿಗೆ ತಾಗುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸಿ, ಆ ಸೀಳಿಗೆ ಉಳಿ ಇಟ್ಟು ಒಂದೆರಡು ಪೆಟ್ಟು ಹಾಕಿದರೆ ನಟ್ಟು ಬಾಯಿ ಬಿಡುತ್ತದೆ, ಸ್ಟಡ್ಡು ಉಳಿಯುತ್ತದೆ. ಇದೇ ಕೆಲಸಕ್ಕೆ ನಟ್ ಸ್ಪ್ಲಿಟರ್ ಅಂತ ಒಂದು ಸಾಧನವೂ ಸಿಗುತ್ತದೆ. ಜಾಗ ಇದ್ದರೆ ಅದು ಇನ್ನೂ ಸಲೀಸು. ಎರಕದ ಮ್ಯಾನಿಫೋಲ್ಡಿಗೆ ಮಾತ್ರ ಸುತ್ತಿಗೆಯ ಪೆಟ್ಟು ಬೀಳಬಾರದು. ಎರಕದ ಕಬ್ಬಿಣ ಬಗ್ಗುವುದಿಲ್ಲ, ಸೀಳುತ್ತದೆ.

ಸ್ಟಡ್ಡು ತುಂಡೇ ಆಯಿತು. ಏನು ಮಾಡುವುದು?

ಅವಸರ ಮಾಡಬೇಡಿ. ಹೊರಗೆ ಸ್ವಲ್ಪವಾದರೂ ಚಾಚಿಕೊಂಡಿದ್ದರೆ ನೀವು ಅದೃಷ್ಟವಂತರು. ಬುಡವನ್ನು ಕಾಯಿಸಿ ಲಾಕಿಂಗ್ ಪ್ಲೈಯರಿನಲ್ಲಿ ಹಿಂದೆ ಮುಂದೆ ಆಡಿಸಿ ತೆಗೆಯಬಹುದು. ಇದಕ್ಕಿಂತ ಒಳ್ಳೆಯದು ವೆಲ್ಡಿಂಗ್. ತುಂಡಿನ ಮೇಲೆ ಒಂದು ಹೊಸ ನಟ್ಟು ಇಟ್ಟು ಒಳಗಿಂದ ವೆಲ್ಡ್ ಮಾಡಿಸಿ. ಹಿಡಿಯಲು ತಲೆಯೂ ಸಿಗುತ್ತದೆ, ವೆಲ್ಡಿಂಗಿನ ಬಿಸಿಗೆ ತುಕ್ಕೂ ಸಡಿಲವಾಗುತ್ತದೆ. ಗಾಡಿಯ ಮೇಲೆಯೇ ವೆಲ್ಡ್ ಮಾಡುವುದಾದರೆ ಬ್ಯಾಟರಿಯ ನೆಗೆಟಿವ್ ವೈರ್ ಕಳಚಿಡಿ.

ಮಟ್ಟಸವಾಗಿ ಮುರಿದಿದ್ದರೆ ಡ್ರಿಲ್ ಮಾಡಬೇಕು. ಅರದಲ್ಲಿ ಸಮ ಮಾಡಿ, ನಡುಮಧ್ಯಕ್ಕೆ ಪಂಚ್ ಹೊಡೆಯಿರಿ. ನಡು ತಪ್ಪಿದರೆ ಎಲ್ಲವೂ ತಪ್ಪಿದ ಹಾಗೆ. 3 ಮಿ.ಮೀ. ಬಿಟ್‌ನಿಂದ ಶುರು ಮಾಡಿ ನಿಧಾನಕ್ಕೆ ದೊಡ್ಡದು ಮಾಡಿ. ಎಡಕ್ಕೆ ತಿರುಗಿ ಕೊರೆಯುವ ಬಿಟ್ ಸಿಕ್ಕಿದರೆ ಕೊರೆಯುತ್ತಿರುವಾಗಲೇ ತುಂಡು ತಿರುಗಿ ಬರುವುದುಂಟು. ಏನೂ ಆಗದಿದ್ದರೆ, ಎಂ8 (8 ಮಿ.ಮೀ. ದಪ್ಪದ) ಸ್ಟಡ್ಡಿಗೆ 1.25 ಮಿ.ಮೀ. ಅಂತರದ ಥ್ರೆಡ್ ಇದ್ದರೆ 6.8 ಮಿ.ಮೀ.ವರೆಗೆ ಕೊರೆದು ಟ್ಯಾಪ್‌ನಿಂದ ಥ್ರೆಡ್ ಹಾಕಬಹುದು.

ಕೊರೆದ ತೂತಿಗೆ ಬಡಿದು ಕೂರಿಸುವ ಸ್ಕ್ರೂ ಎಕ್ಸ್‌ಟ್ರ್ಯಾಕ್ಟರನ್ನು ಬಳಸಿ ಅಂತ ನಾನು ಹೇಳುವುದಿಲ್ಲ. ಅದು ತುಂಬಾ ಗಟ್ಟಿ ಉಕ್ಕು. ಒಳಗೇ ಮುರಿದರೆ ಮನೆಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಅದರ ಬದಲು ಮ್ಯಾನಿಫೋಲ್ಡ್ ಬಿಚ್ಚಲು ಆಗುವಂತಿದ್ದರೆ ಬಿಚ್ಚಿ ಲೇತ್ ಅಂಗಡಿಗೆ ಕೊಂಡುಹೋಗಿ. ಮೇಜಿನ ಮೇಲಿನ ಡ್ರಿಲ್ಲಿಂಗ್ ಯಂತ್ರದಲ್ಲಿ ಅವರು ನೇರವಾಗಿ ಕೊರೆದು ಕೊಡುತ್ತಾರೆ.

ನಟ್ಟಿನ ಜೊತೆ ಸ್ಟಡ್ಡೇ ಹೊರಗೆ ಬಂತು. ತೊಂದರೆಯಾ?

ತೊಂದರೆ ಅಲ್ಲ, ಒಳ್ಳೆಯದೇ ಆಯಿತು. ಹೊಸ ಸ್ಟಡ್ ಹಾಕಿ.

ಪೈಪಿಗೆ ವೈರ್ ಇರುವ ಸೆನ್ಸರ್ ಇದೆ. ಏನಾದರೂ ಮಾಡಬೇಕಾ?

ಅದು ಆಕ್ಸಿಜನ್ ಸೆನ್ಸರ್. ಪೈಪ್ ಇಳಿಸುವ ಮೊದಲು ಅದರ ವೈರಿನ ಕನೆಕ್ಟರ್ ಬಿಡಿಸಿ, ಇಲ್ಲದಿದ್ದರೆ ಪೈಪಿನ ಭಾರಕ್ಕೆ ವೈರ್ ಕಿತ್ತು ಹೋಗುತ್ತದೆ. ಸೆನ್ಸರಿನ ಮೂತಿಗೆ ಎಣ್ಣೆ ತಾಗಬಾರದು. ಹಳೆ ಪೈಪಿನಲ್ಲೇ ಇರುವ ಸೆನ್ಸರ್ ಬೇಕಿದ್ದರೆ ಸಾಮಾನ್ಯವಾಗಿ 22ರ ಸ್ಪ್ಯಾನರ್ ಹಿಡಿಯುತ್ತದೆ.

ತಿರುಗಿ ಹಾಕುವಾಗ ಮತ್ತೆ ಹೀಗಾಗದಂತೆ ಏನು ಮಾಡಬಹುದು?

ಹಳೆ ನಟ್ಟು ಬೋಲ್ಟುಗಳನ್ನು ತಿರುಗಿ ಹಾಕಬೇಡಿ. ಒಂದನ್ನು ಮಾದರಿಗೆ ಹಿಡಿದುಕೊಂಡು ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಹೊಸತನ್ನೇ ತನ್ನಿ. ಕೂಡಿಸುವ ಎರಡು ಮುಖಗಳ ನಡುವೆ ಲೀಕ್ ತಡೆಯುವ ಗ್ಯಾಸ್ಕೆಟ್ ಕೂಡ ಹೊಸದೇ ಬೇಕು. ಸ್ಟಡ್ಡುಗಳಿಗೆ ಹಿತ್ತಾಳೆಯ ನಟ್ಟು ಸಿಕ್ಕಿದರೆ ಬಿಡಬೇಡಿ. ಹಿತ್ತಾಳೆಗೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಮುಂದಿನ ಸಲ ಬಿಚ್ಚುವುದು ಎಷ್ಟೋ ಸುಲಭ. ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟಿಗೆ ಅದೇ ಸ್ಟೀಲಿನ ನಟ್ಟು ಹಾಕಿದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಸ್ವಭಾವ ಇದೆ, ಪೇಸ್ಟ್ ಇಲ್ಲದೆ ಹಾಕಲೇಬಾರದು.

ಆ ಪೇಸ್ಟು ಅಂದರೆ ತಾಮ್ರದ ಹುಡಿ ಇರುವ ಆಂಟಿ ಸೀಜ್ ಪೇಸ್ಟ್. ಥ್ರೆಡ್ಡಿಗೆ ತೆಳ್ಳಗೆ ಹಚ್ಚಿ. ಮಾಮೂಲಿ ಗ್ರೀಸ್ ಇಲ್ಲಿ ಉಪಯೋಗಕ್ಕಿಲ್ಲ, ಸುಟ್ಟು ಕರಿಯಾಗಿ ಅಲ್ಲೇ ಅಂಟುತ್ತದೆ. ಪೇಸ್ಟ್ ಇದ್ದಾಗ ನಟ್ಟು ಸಲೀಸಾಗಿ ತಿರುಗುವುದರಿಂದ ಗೊತ್ತಿಲ್ಲದೆ ಜಾಸ್ತಿ ಬಿಗಿಯಾಗುತ್ತದೆ. ಎಂ8 ನಟ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಗಾಡಿಯ ಮ್ಯಾನುವಲ್‌ನಲ್ಲಿ ಬೇರೆ ಇದ್ದರೆ ಅದನ್ನೇ ನಂಬಿ. ಎಲ್ಲವನ್ನೂ ಮೊದಲು ಕೈಯಲ್ಲೇ ಕೂರಿಸಿ, ಪೈಪು ಎಲ್ಲಿಗೂ ತಾಗದಂತೆ ನೇರ ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಸೈಲೆನ್ಸರ್ ತೂಗುವ ರಬ್ಬರುಗಳು ಬಿರುಕು ಬಿಟ್ಟಿದ್ದರೆ ಅವನ್ನೂ ಈಗಲೇ ಬದಲಾಯಿಸಿ. ರಬ್ಬರ್ ಹರಿದರೆ ಇಡೀ ಭಾರ ಬೋಲ್ಟುಗಳ ಮೇಲೆ ಬೀಳುತ್ತದೆ.

ಈ ಕೆಲಸಕ್ಕೆ ಒಳ್ಳೆಯ ಕಾಲ ಬೇಸಿಗೆ. ಪತ್ತನಾಜೆಯೊಳಗೆ (ಮೇ ಕೊನೆಯ ವಾರದೊಳಗೆ) ಮುಗಿಸಿಕೊಂಡರೆ ಮಳೆಗೆ ಮೊದಲು ಎಲ್ಲವೂ ಒಣಗಿ ಗಟ್ಟಿಯಾಗಿರುತ್ತದೆ.

ಎಲ್ಲ ಸರಿಯಾಗಿದೆ ಅಂತ ಹೇಗೆ ತಿಳಿಯುವುದು?

ಎಂಜಿನ್ ತಣ್ಣಗಿರುವಾಗ ಕೂಡಿಸಿದ ಕಡೆಗೆಲ್ಲ ಸೋಪಿನ ನೀರು ಹಚ್ಚಿ ಸ್ಟಾರ್ಟ್ ಮಾಡಿ. ಇನ್ನೊಬ್ಬರು ದಪ್ಪ ಬಟ್ಟೆಯಿಂದ ಹಿಂದಿನ ಬಾಯಿಯನ್ನು ಒಂದು ಕ್ಷಣ ಅರ್ಧ ಮುಚ್ಚಲಿ. ಲೀಕ್ ಇದ್ದಲ್ಲಿ ಗುಳ್ಳೆ ಏಳುತ್ತದೆ, "ಟಕ ಟಕ" ಸದ್ದೂ ಕೇಳಬಹುದು. ಇದನ್ನು ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್ಡಿನೊಳಗೆ ಬೇಡ. ಸೈಲೆನ್ಸರ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ನಿನ ಹತ್ತಿರ ಲೀಕ್ ಇದ್ದರೆ ಅದು ಕಾರಿನೊಳಗೇ ಬರಬಹುದು. ಮಳೆಗಾಲದಲ್ಲಿ ಗ್ಲಾಸ್ ಏರಿಸಿ ಓಡಿಸುವಾಗ, ಹಿಂದೆ ಮಕ್ಕಳು ಕೂತಿರುವಾಗ, ಇದು ಸಣ್ಣ ವಿಷಯ ಅಲ್ಲ.

ಒಂದು ವಾರ ಓಡಿಸಿದ ಮೇಲೆ ಎಂಜಿನ್ ಪೂರ್ತಿ ತಣಿದಿರುವಾಗ ನಟ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಿಡಿಸಿ ನೋಡಿ. ಹೊಸ ಗ್ಯಾಸ್ಕೆಟ್ ಬಿಸಿಗೆ ಸ್ವಲ್ಪ ಕೂರುತ್ತದೆ, ಒಂದೆರಡು ನಟ್ಟು ಸಡಿಲ ಸಿಕ್ಕರೆ ಬಿಗಿ ಮಾಡಿ. ಕೂಡಿಸಿದ ಜಾಗದ ಸುತ್ತ ಹೊಸದಾಗಿ ಕಪ್ಪು ಮಸಿ ಕಂಡರೆ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ ಎಂದು ಲೆಕ್ಕ. ಆಗ ಇನ್ನೂ ಬಿಗಿ ಮಾಡುತ್ತಾ ಹೋಗಬೇಡಿ, ಬಿಚ್ಚಿ ಫ್ಲೇಂಜಿನ ಮುಖವನ್ನು ಅರದಲ್ಲಿ ಸಮ ಮಾಡಿ ಬೇರೆ ಗ್ಯಾಸ್ಕೆಟ್ ಹಾಕಿ.